ಭಾವನ ಹಳದಿ ಬೆಳಕು

ನನ್ನ ಭಾವ ದೀಪದ ಅಂಗಡಿಯಲ್ಲಿ ಸೇಲ್ಸ್‌ಮನ್. ಈ ಮಾತನ್ನು ಅವರ ಎದುರಿಗೆ ಆಡುವ ಹಾಗಿಲ್ಲ. ಅವರೇ ಹೇಳಿಕೊಳ್ಳುವ ಪ್ರಕಾರ ಅವರು ಬೆಳಕಿನ ಸಲಹೆಗಾರರು. ಯಾರ ಮನೆಗೆ ಕಾಲಿಟ್ಟರೂ 'ಚೆನ್ನಾಗಿದ್ದೀರಾ' ಅನ್ನುವುದಕ್ಕೆ ಮೊದಲು ತಲೆ ಎತ್ತಿ ಸೂರು ನೋಡುತ್ತಾರೆ. ನೋಡಿ ಉದ್ದಕ್ಕೆ ಒಂದು ಉಸಿರು ಬಿಡುತ್ತಾರೆ. ಸೂರು ಬಿರುಕು ಬಿಟ್ಟಿದೆಯೇನೋ ಎಂದು ಮನೆಯವರ ಎದೆ ಧಸಕ್ಕೆನ್ನುತ್ತದೆ. 'ಏನಿಲ್ಲ, ಇಷ್ಟು ಒಳ್ಳೇ ಹಾಲ್‌ನ ಒಂದು ಟ್ಯೂಬ್‌ಲೈಟ್ ಹಾಕಿ ಕೊಂದ್ಬಿಟ್ಟಿದೀರಲ್ಲ' ಎಂದು ಸಂತಾಪ ಸೂಚಿಸಿದ ಮೇಲೆಯೇ ಅವರು ಕುರ್ಚಿಯಲ್ಲಿ ಕೂರುವುದು.

ಟ್ಯೂಬ್‌ಲೈಟ್ ಕಂಡರೆ ಅವರಿಗೆ ಹಾವು ಕಂಡ ಹಾಗೆ. ಬಿಳಿ ಬೆಳಕು ಆಸ್ಪತ್ರೆಗೆ, ರೈಲ್ವೆ ಸ್ಟೇಷನ್ನಿಗೆ, ಹೆಚ್ಚೆಂದರೆ ಹೆಣ ಇಡುವ ಕೋಣೆಗೆ. ಸಂಸಾರಸ್ಥರ ಮನೆಯಲ್ಲಿ ಹಳದಿ ಬೆಳಕಿರಬೇಕು, ಅದೂ ಮಂದವಾಗಿರಬೇಕು, ಅದೂ ಎಲ್ಲಿಂದ ಬರುತ್ತಿದೆ ಎಂದು ಯಾರಿಗೂ ಗೊತ್ತಾಗಬಾರದು. 'ದೀಪ ಕಾಣಬಾರದು, ಬೆಳಕು ಕಾಣಬೇಕು' ಎನ್ನುವುದು ಅವರು ಗಿರಾಕಿಗಳಿಗೆ ಹೇಳುವ ಮಂತ್ರ. ಅವರ ಸ್ವಂತ ಮನೆಯಲ್ಲಿ ಎರಡೂ ಕಾಣುವುದಿಲ್ಲ.

ಆ ಮನೆಗೆ ನಾನು ವಾರದಲ್ಲಿ ನಾಲ್ಕು ಸಂಜೆಯಾದರೂ ಹೋಗುತ್ತೇನೆ. ಔಷಧಿ ಅಂಗಡಿಯಲ್ಲಿ ನನ್ನ ಕೆಲಸ ಮುಗಿಯುವ ಹೊತ್ತಿಗೆ ಅಕ್ಕನ ಮನೆಯಲ್ಲಿ ಒಲೆಯ ಮೇಲೆ ಏನಾದರೂ ಬಿಸಿ ಇರುತ್ತದೆ. ಅಕ್ಕ, ಭಾವ, ಭಾವನ ತಾಯಿ, ಮೂರೇ ಜನ. ನೆಲಮಹಡಿಯ ಫ್ಲ್ಯಾಟು. ಎದುರಿನ ಕಟ್ಟಡದ ಗೋಡೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಹಾಗಾಗಿ ಹಗಲು ಹೊತ್ತಿನಲ್ಲೂ ಸೂರ್ಯ ಅಲ್ಲಿಗೆ ಬರಲು ಸಂಕೋಚಪಡುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಆ ಮನೆ ನೋಡಿ ಬೇಡ ಅನ್ನುತ್ತಿದ್ದರು. ಭಾವನಿಗೆ ಖುಷಿಯೋ ಖುಷಿ. 'ಸೂರ್ಯನ ಬೆಳಕಿಗೆ ಕಂಟ್ರೋಲ್ ಇಲ್ಲ ಕಣಮ್ಮ. ಇಲ್ಲಾದ್ರೆ ಪೂರ್ತಿ ನಮ್ಮ ಕೈಯಲ್ಲಿ' ಎಂದು ನನಗೆ ವಿವರಿಸಿದರು. ಸೂರ್ಯನನ್ನೇ ಮನೆಯಿಂದ ಹೊರಗಿಟ್ಟವರ ಹತ್ತಿರ ನಾನೇನು ವಾದ ಮಾಡಲಿ.

ಹಾಲಿನಿಂದ ಶುರುಮಾಡಿದರು. ಸೂರಿನ ಕೆಳಗೆ ಇನ್ನೊಂದು ಸೂರು ಕಟ್ಟಿಸಿ, ಎರಡರ ಸಂದಿಯಲ್ಲಿ ದೀಪಗಳನ್ನು ಬಚ್ಚಿಟ್ಟರು. ಒಂದು ಗೋಡೆಯ ಮೇಲೆ ಬೀಳಲಿ ಎಂದು ಒಂದು ಸ್ಪಾಟ್‌ಲೈಟ್ ಹಾಕಿದರು. ಆಮೇಲೆ ನೋಡಿದರೆ ಬೆಳಕು ಬೀಳುವ ಜಾಗದಲ್ಲಿ ಏನೂ ಇಲ್ಲ. ಬರೀ ಗೋಡೆಗೆ ಬೆಳಕು ಬಿಟ್ಟರೆ ಜನ ನಗುತ್ತಾರೆ ಎಂದು ಒಂದು ಕುದುರೆಯ ಪಟ ತಂದು ತೂಗುಹಾಕಿದರು. ಆ ಮನೆಯಲ್ಲಿ ನೆಟ್ಟಗೆ ಬೆಳಕು ಬೀಳುವುದು ಆ ಕುದುರೆಯ ಮುಖದ ಮೇಲೆ ಮಾತ್ರ. ಅದು ಓದುವುದಿಲ್ಲ, ತರಕಾರಿ ಹೆಚ್ಚುವುದಿಲ್ಲ.

ತರಕಾರಿ ಹೆಚ್ಚುವವಳು ಅಕ್ಕ. ಅಡುಗೆಮನೆಯ ನಟ್ಟನಡುವೆ ಒಂದು ತಾಮ್ರದ ಬಣ್ಣದ ತೂಗುದೀಪ ನೇತಾಡುತ್ತದೆ, ನೋಡಲು ಚಂದವೇ. ಆದರೆ ಕಟ್ಟೆ ಇರುವುದು ಗೋಡೆಯ ಪಕ್ಕ. ಅಕ್ಕ ಕಟ್ಟೆಯ ಮುಂದೆ ನಿಂತರೆ ದೀಪ ಅವಳ ಬೆನ್ನ ಹಿಂದೆ, ಅವಳ ನೆರಳು ಅವಳ ಚಾಕುವಿನ ಮೇಲೆ. ಮೂರು ವರ್ಷದಿಂದ ಅವಳು ಒಂದು ಪಕ್ಕಕ್ಕೆ ತಿರುಗಿ ನಿಂತು ಹೆಚ್ಚುತ್ತಾಳೆ. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದನ್ನು ನಾನು ತೋರಿಸಿದಾಗ ಭಾವ, 'ಗಮನ ಇಟ್ಟು ಹೆಚ್ಚಬೇಕು' ಎಂದು ಸಲಹೆ ಕೊಟ್ಟರು. ಸಲಹೆಗಾರರಲ್ಲವೆ.

ಬಚ್ಚಲುಮನೆಯಲ್ಲಿ ದೀಪ ನೆತ್ತಿಯ ಮೇಲಿದೆ. ಕನ್ನಡಿಯಲ್ಲಿ ಹಣೆ, ಮೂಗು ಕಾಣುತ್ತವೆ, ಉಳಿದದ್ದು ಕತ್ತಲು. ಭಾವ ಅಲ್ಲಿ ಗಡ್ಡ ಹೆರೆದುಕೊಳ್ಳಲು ಹೋಗಿ ಎರಡು ಸಲ ಕಿವಿಯ ಕೆಳಗೆ ಒಂದು ಹಿಡಿ ಕೂದಲು ಬಿಟ್ಟುಕೊಂಡು ಅಂಗಡಿಗೆ ಹೋದರು. ಈಗ ಕೈಗನ್ನಡಿ ಹಿಡಿದು ಬಾಗಿಲಾಚೆ ಮೆಟ್ಟಿಲ ಹತ್ತಿರ ನಿಂತು ಹೆರೆದುಕೊಳ್ಳುತ್ತಾರೆ. ಯಾಕೆ ಭಾವ ಎಂದು ಕೇಳಿದೆ. ಗಾಳಿ ಚೆನ್ನಾಗಿದೆ ಅಂದರು.

ಇದೆಲ್ಲವನ್ನೂ ಸಹಿಸಬಹುದಿತ್ತು, ಸ್ವಿಚ್ಚುಗಳು ಸರಿಯಿದ್ದಿದ್ದರೆ. ಜಗತ್ತಿನಲ್ಲಿ ಎಲ್ಲರೂ ಯಾವ ಕೋಣೆಯ ದೀಪವೋ ಆ ಕೋಣೆಯ ಬಾಗಿಲಲ್ಲಿ ಸ್ವಿಚ್ ಹಾಕಿಸುತ್ತಾರೆ. ಭಾವ ಹುಟ್ಟಿದಾಗಿನಿಂದ, ಅಂದರೆ ಕೆಲಸಕ್ಕೆ ಸೇರಿದಾಗಿನಿಂದ, ಅಂಗಡಿಯಲ್ಲಿ ನೋಡಿದ್ದು ಬೇರೆ. ಅಲ್ಲಿ ಬಾಗಿಲ ಪಕ್ಕದಲ್ಲಿ ಒಂದು ದೊಡ್ಡ ಬೋರ್ಡು, ಅದರಲ್ಲೇ ಎಲ್ಲ ಸ್ವಿಚ್ಚು. ಗಿರಾಕಿ ಬಂದ ಕೂಡಲೇ ಟಕಟಕ ಒತ್ತಿ 'ಇದು ಸಂಜೆ, ಇದು ಪಾರ್ಟಿ, ಇದು ವಿಶ್ರಾಂತಿ' ಎಂದು ತೋರಿಸಬೇಕು. ಮನೆಯಲ್ಲೂ ಹಾಗೇ ಮಾಡಿಸಿದರು. ಇಡೀ ಮನೆಯ ಸ್ವಿಚ್ಚುಗಳೆಲ್ಲ ಮುಂಬಾಗಿಲ ಪಕ್ಕದಲ್ಲಿ ಸಾಲಾಗಿ ನಿಂತವು. ಮಲಗುವ ಕೋಣೆಯ ದೀಪ ಆರಿಸಬೇಕಾದರೆ ಹಾಸಿಗೆಯಿಂದ ಎದ್ದು ಮುಂಬಾಗಿಲಿಗೆ ಬರಬೇಕು. ಆರಿಸಿದ ಮೇಲೆ ಕತ್ತಲಲ್ಲಿ ಗೋಡೆ ತಡವಿಕೊಂಡು ವಾಪಸು ಹೋಗಬೇಕು. ಅತ್ತೆ, ಅಂದರೆ ಭಾವನ ತಾಯಿ, ಬಚ್ಚಲಿಗೆ ಹೋದಾಗ ಯಾರಾದರೂ ಬಾಗಿಲ ಹತ್ತಿರ ಕಾವಲು ನಿಲ್ಲಬೇಕು. ಒಮ್ಮೆ ಭಾವ ಯಾರೋ ನೆಂಟರಿಗೆ 'ವಿಶ್ರಾಂತಿ' ತೋರಿಸಲು ಹೋಗಿ ಒಳಗಿದ್ದ ಅತ್ತೆಯ ದೀಪ ಆರಿಸಿಬಿಟ್ಟರು. ಒಳಗಿಂದ ಅತ್ತೆ ಮಗನ ಹುಟ್ಟು, ಬೆಳವಣಿಗೆ, ಬುದ್ಧಿ ಎಲ್ಲವನ್ನೂ ನೆಂಟರಿಗೆ ಕೇಳುವ ಹಾಗೆ ವರ್ಣಿಸಿದರು.

ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ. ಭಾವ ಊರಿಗೆ ಎಷ್ಟು ಉಪಕಾರಿ ಎಂದು ನನಗೆ ಗೊತ್ತಿಲ್ಲ, ಎರಡನೆಯದಕ್ಕೆ ನಾನು ಸಾಕ್ಷಿ.

ಇನ್ನು ಅಕ್ಕನ ಕೆಲಸದ ವಿಷಯ. ಅವಳು ಒಬ್ಬ ಟೈಲರ್ ಮಾಸ್ಟರಿಗೆ ಕೈಹೊಲಿಗೆ ಮಾಡಿಕೊಡುತ್ತಾಳೆ. ಕೋಟಿನ ಕಾಜಾ, ಗುಂಡಿ, ಅಂಚು, ಎಲ್ಲಕ್ಕಿಂತ ಹೆಚ್ಚಾಗಿ ರಫು. ಹರಿದ ಜಾಗದಲ್ಲಿ ಎಳೆ ಎಳೆಯಾಗಿ ದಾರ ನೇಯ್ದು ಹರಿದೇ ಇರಲಿಲ್ಲ ಅನ್ನುವ ಹಾಗೆ ಮಾಡುವುದು. ಅವಳು ರಫು ಮಾಡಿದ ಜಾಗವನ್ನು ಅವಳೇ ಮತ್ತೆ ಹುಡುಕಿದರೂ ಸಿಗುವುದಿಲ್ಲ. ಮದುವೆಗೆ ಮೊದಲೇ ಕಲಿತ ವಿದ್ಯೆ. ಈ ಮನೆಯಲ್ಲಿ ಗೋಡೆ ಭಾವನದು, ದೀಪ ಭಾವನದು, ಕುದುರೆಯೂ ಭಾವನದು. ಅವಳದು ಅಂತ ಇದ್ದದ್ದು ಆ ಕೆಲಸ ಒಂದೇ. ಸಂಜೆ ಮಾಸ್ಟರು ಬಟ್ಟೆ ಕಳಿಸುತ್ತಾರೆ, ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ವಾಪಸು ಹೋಗಬೇಕು. ಹಾಗಾಗಿ ದೀಪದ ಬೆಳಕಲ್ಲೇ ಹೊಲಿಯಬೇಕು.

ಹೋದ ವರ್ಷ ಒಂದು ದಿನ ಮಾಸ್ಟರು ಖುದ್ದಾಗಿ ಬಂದರು. ಅವರು ಹಾಗೆ ಬರುವವರಲ್ಲ. ಕೈಯಲ್ಲಿ ಅಕ್ಕ ಹಿಂದಿನ ದಿನ ಹೊಲಿದ ಕರಿ ಕೋಟಿತ್ತು. ಒಳಗೆ ಕೂರದೆ ಅಕ್ಕನನ್ನು ಬೀದಿ ಬಾಗಿಲವರೆಗೆ ಕರೆದುಕೊಂಡು ಹೋಗಿ ಬಿಸಿಲಿಗೆ ಕೋಟು ಹಿಡಿದರು.

'ಇದು ಯಾವ ಬಣ್ಣ ಹೇಳಿ ತಾಯಿ.'

'ಕರಿ.'

'ಈ ದಾರ?'

ಅಕ್ಕ ನೋಡಿದಳು. ಕಡುನೀಲಿ. ಅಂಚಿನುದ್ದಕ್ಕೂ ನೀಲಿ ದಾರ ಮಿನುಗುತ್ತಿತ್ತು. ಹಳದಿ ಬೆಳಕಿನಲ್ಲಿ ಕಡುನೀಲಿ, ಕಡುಹಸಿರು, ಕಂದು ಎಲ್ಲವೂ ಕರಿಯೇ ಎಂದು ಅವಳಿಗೆ ಅವತ್ತು ಗೊತ್ತಾಯಿತು.

'ನಿಮ್ಮ ಕೈ ಬಗ್ಗೆ ನಾನು ಮಾತಾಡ್ತಿಲ್ಲ' ಅಂದರು ಮಾಸ್ಟರು. 'ಆದ್ರೆ ಗಿರಾಕಿ ನನ್ನ ಮುಖಕ್ಕೆ ಎಸೆದು ಹೋದ. ಇನ್ನೊಂದು ಸಲ ಹಿಂಗಾದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ.'

ಅವತ್ತು ಸಂಜೆ ನಾನಿದ್ದೆ. ಭಾವ ಬಂದು ಬೋರ್ಡಿನಲ್ಲಿ 'ಸಂಜೆ' ಒತ್ತಿ, ಸೋಫಾದಲ್ಲಿ ಕಾಲು ಚಾಚಿ ಕೂತ ಮೇಲೆ ಅಕ್ಕ ಮೆಲ್ಲಗೆ ವಿಷಯ ತೆಗೆದಳು.

'ರೀ, ನಾನು ಹೊಲಿಯೋ ಜಾಗದಲ್ಲಿ ಒಂದು ಬಿಳೀ ಟ್ಯೂಬ್ ಹಾಕಿಸ್ಕೊಡಿ.'

'ಟ್ಯೂಬ್‌ಲೈಟಾ? ನಮ್ಮ ಮನೇಲಾ?'

'ಬಣ್ಣ ತಿಳಿಯಲ್ಲ ನನಗೆ. ಮಾಸ್ಟರು ಬಂದಿದ್ರು.'

'ನೋಡು, ಈ ಮನೆಗೆ ಗಿರಾಕಿಗಳು ಬರ್ತಾರೆ. ಸ್ಯಾಂಪಲ್ ಇದು. ಮಿಠಾಯಿ ಮಾರೋನು ಮನೇಲಿ ಬೇವು ತಿಂದ್ರೆ ಯಾರು ಕೊಳ್ತಾರೆ?'

'ಹೊಲಿಯೋವಾಗ ಮಾತ್ರ ಹಾಕ್ಕೊಳ್ತೀನಿ.'

'ಕಣ್ಣಿಗೆ ಅಭ್ಯಾಸ ಆಗಬೇಕು ಅಷ್ಟೆ. ಬೆಳಕು ಜಾಸ್ತಿ ಮಾಡೋದಲ್ಲ, ಕಣ್ಣನ್ನ ಬೆಳಕಿಗೆ ಒಗ್ಗಿಸಬೇಕು.'

'ಭಾವ, ನೀವು ಅಂಗಡೀಲಿ ಬಿಲ್ ಬರೆಯೋ ಟೇಬಲ್ ಮೇಲೆ ಎಂಥಾ ದೀಪ ಇದೆ?' ಎಂದು ನಾನು ಕೇಳಿದೆ.

'ಅದು ಆಫೀಸು' ಅಂದರು.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅದಕ್ಕೆ ಹಳದಿ ಬೆಳಕು ಬಿಟ್ಟರೆ ನಾಲ್ಕನೆಯ ಕಾಲು ಇದ್ದರೂ ಕಾಣುವುದಿಲ್ಲ. ಅಕ್ಕ ಜಗಳ ಆಡುವವಳಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಹೊಟ್ಟೆ ಉರಿಯುತ್ತದೆ. ಮಾರನೆಯ ಸಂಜೆ ಒಂದು ಮಣೆ, ದಾರದ ಡಬ್ಬಿ, ಕೋಟು ಎತ್ತಿಕೊಂಡು ಬಾಗಿಲಾಚೆ ಹೋಗಿ ಮೆಟ್ಟಿಲ ಬುಡದಲ್ಲಿ ಕೂತಳು. ಅಲ್ಲಿ ಕಟ್ಟಡದ ಮಾಲೀಕ ಯಾವ ಸಲಹೆಯನ್ನೂ ಕೇಳದೆ ಹೊಡೆಸಿದ ಒಂದು ಬೋಳು ಟ್ಯೂಬ್‌ಲೈಟ್ ಇದೆ. ಅದರ ಕೆಳಗೆ ಕರಿಯದು ಕರಿ, ನೀಲಿಯದು ನೀಲಿ.

ಒಂದು ವಾರದಲ್ಲಿ ಅತ್ತೆಯೂ ತಮ್ಮ ಕುರ್ಚಿ ಎಳೆದುಕೊಂಡು ಬಂದರು. ಮುದುಕರಿಗೆ ಶಾಂತಿ ಬೇಕು ಎಂದು ಭಾವ ಅವರ ಕೋಣೆಗೆ ಹಾಕಿದ ದೀಪದಲ್ಲಿ ರಕ್ತದೊತ್ತಡದ ಮಾತ್ರೆ ಯಾವುದು, ನಿದ್ದೆಯದು ಯಾವುದು ಎಂದು ತಿಳಿಯುತ್ತಿರಲಿಲ್ಲ. 'ಶಾಂತಿ ಸಿಗೋದು ಗ್ಯಾರಂಟಿ, ಒಂದೇ ಸಲಕ್ಕೆ' ಅಂದರು ಅತ್ತೆ. ನಾನು ಬಂದರೆ ನಾವು ಮೂವರೂ ಅಲ್ಲೇ. ಸೊಪ್ಪು ಬಿಡಿಸುವುದು ಅಲ್ಲಿ, ಪೇಪರ್ ಓದುವುದು ಅಲ್ಲಿ. ಮೇಲಿನ ಮನೆಯವರು ಹತ್ತಿ ಇಳಿಯುವಾಗ ಎರಡು ಮಾತು ಆಡಿ ಹೋಗುತ್ತಿದ್ದರು. ಒಳಗೆ ಕುದುರೆ ಒಂದೇ ಬೆಳಕು ಕಾಯಿಸಿಕೊಳ್ಳುತ್ತಿತ್ತು. ಭಾವ ಅಂಗಡಿಯಿಂದ ಬಂದವರು ನಮ್ಮನ್ನೆಲ್ಲ ಯಾರೋ ಬಾಡಿಗೆದಾರರು ಅನ್ನುವ ಹಾಗೆ ದಾಟಿಕೊಂಡು ಒಳಗೆ ಹೋಗಿ ಟಕ್ ಎಂದು 'ವಿಶ್ರಾಂತಿ' ಒತ್ತುತ್ತಿದ್ದರು.

ಹೀಗೇ ನಡೆಯುತ್ತಿತ್ತು. ಅಕ್ಕನ ಕೈಯಿಂದ ಇನ್ನೊಂದು ತಪ್ಪು ಆಗಲಿಲ್ಲ. ಆಮೇಲೆ ಬಂತು ನೋಡಿ ಅಂಗಡಿಯ ವಾರ್ಷಿಕೋತ್ಸವ. ಅತ್ಯುತ್ತಮ ಸಲಹೆಗಾರ ಎಂದು ಭಾವನಿಗೆ ಫಲಕ ಕೊಡುವುದು ಎಂದಾಯಿತು. ಭಾವ ಮದುವೆ ಕಾಲದ ಕರಿ ಕೋಟು ಪೆಟ್ಟಿಗೆಯಿಂದ ತೆಗೆದರು. ಎದೆಯ ಜೇಬಿನ ಪಕ್ಕದಲ್ಲೇ ಹುಳ ತಿಂದು ತೂತಾಗಿತ್ತು, ಒಂದು ಬಟ್ಟಲಿನ ಬಾಯಿಯಷ್ಟು ಅಗಲ.

'ರಫು ಮಾಡ್ಕೊಡು' ಅಂದರು.

ಅಕ್ಕ ಕೋಟು ತೆಗೆದುಕೊಂಡು ಬಾಗಿಲ ಕಡೆ ಹೊರಟಳು. ಅವತ್ತು ಮನೆ ನೋಡಲು ಗಂಡ ಹೆಂಡತಿ ಇಬ್ಬರು ಗಿರಾಕಿಗಳು ಬರುವವರಿದ್ದರು. ಹೊಸ ಮನೆ ಕಟ್ಟಿಸುತ್ತಿದ್ದವರು, ಭಾವನ ಪಾಲಿಗೆ ದೊಡ್ಡ ಕುಳ.

'ಎಲ್ಲಿಗೆ? ಅವರು ಬರೋ ಹೊತ್ತಲ್ಲಿ ನೀನು ಮೆಟ್ಟಿಲ ಮೇಲೆ ಕೂತ್ರೆ ನನ್ನ ಮಾನ ಏನಾಗಬೇಕು? ಇಲ್ಲೇ ಹಾಲ್‌ನಲ್ಲಿ ಕೂತ್ಕೊಂಡು ಹೊಲಿ. ನೋಡೋಕೂ ಚೆನ್ನಾಗಿರುತ್ತೆ.'

'ಇಲ್ಲಿ ನನಗೆ ಬಣ್ಣ ತಿಳಿಯಲ್ಲ ಅಂತ ಹೇಳಿದೀನಲ್ಲ.'

'ಕರಿ ಕೋಟು, ಕರಿ ದಾರ. ಇದರಲ್ಲಿ ತಿಳಿಯೋಕೇನಿದೆ?'

ಅತ್ತೆ ಏನೋ ಅನ್ನಲು ಬಾಯಿ ತೆರೆದರು, ಅಷ್ಟರಲ್ಲಿ ಗಿರಾಕಿಗಳು ಬಂದೇಬಿಟ್ಟರು. ಭಾವ ಬೋರ್ಡಿನ ಮುಂದೆ ನಿಂತರು. ಸಂಜೆ ಆಯಿತು, ಪಾರ್ಟಿ ಆಯಿತು, ವಿಶ್ರಾಂತಿ ಆಯಿತು. ಪ್ರತಿ ಸಲ ಒತ್ತಿದಾಗಲೂ ಅಕ್ಕ ಸೂಜಿ ಹಿಡಿದ ಕೈ ನಿಲ್ಲಿಸಿ, ಕಣ್ಣು ಹೊಂದಿಸಿಕೊಂಡು, ಮತ್ತೆ ಶುರುಮಾಡುತ್ತಿದ್ದಳು. 'ಇಂಥಾ ಬೆಳಕಲ್ಲಿ ಕೆಲಸ ಮಾಡಿದ್ರೂ ಆಯಾಸ ಗೊತ್ತಾಗಲ್ಲ ನೋಡಿ' ಎಂದು ಭಾವ ಅವಳ ಕಡೆ ಕೈ ತೋರಿಸಿದರು. ಗಿರಾಕಿಯ ಹೆಂಡತಿ ಅಕ್ಕನನ್ನು ಸ್ವಲ್ಪ ಹೊತ್ತು ನೋಡಿದರು.

ವಾರ್ಷಿಕೋತ್ಸವಕ್ಕೆ ನಮ್ಮೆಲ್ಲರನ್ನೂ ಕರೆದಿದ್ದರು. ಅಂಗಡಿಯಲ್ಲಿದ್ದ ದೀಪಗಳನ್ನೆಲ್ಲ ಒಟ್ಟಿಗೆ ಹಾಕಿದ್ದರು, ಬಿಳಿಯವೂ ಸೇರಿ. ಇರುವೆ ನಡೆದರೆ ಅದರ ಕಾಲು ಎಣಿಸಬಹುದಾದಷ್ಟು ಬೆಳಕು. ಭಾವನ ಹೆಸರು ಕೂಗಿದರು. ಅಲ್ಲಿಯವರೆಗೆ ಚೀಲದಲ್ಲಿ ಮಡಚಿಟ್ಟಿದ್ದ ಕೋಟನ್ನು ಭಾವ ಅವಸರದಲ್ಲಿ ತೊಟ್ಟು, ಎದೆಯುಬ್ಬಿಸಿ ವೇದಿಕೆಯ ಮೆಟ್ಟಿಲು ಹತ್ತಿದರು. ಉಬ್ಬಿದ ಎದೆಯ ಮೇಲೆ, ಕರಿ ಕೋಟಿನ ನಡುವೆ, ಬಟ್ಟಲಗಲದ ಒಂದು ಹಸಿರು ಮಚ್ಚೆ.

ಅಂಗಡಿಯ ಮಾಲೀಕರಿಗೆ ವಯಸ್ಸಾಗಿದೆ. ಅವರು ಫಲಕ ಕೊಡುವ ಮೊದಲು ಪ್ರೀತಿಯಿಂದ ಭಾವನ ಎದೆಯ ಮೇಲೆ ಕೈಯಾಡಿಸಿ ಅದನ್ನು ಕೊಡವಲು ನೋಡಿದರು. ಹೋಗಲಿಲ್ಲ. ಇನ್ನೊಮ್ಮೆ ಉಗುರಿನಿಂದ ಕೆರೆದರು.

'ಏನಪ್ಪಾ ಇದು, ಸೊಪ್ಪು ಅಂಟ್ಕೊಂಡಿದೆಯಾ?' ಎಂದು ಮೈಕಿನ ಮುಂದೆಯೇ ಕೇಳಿದರು.

ಭಾವ ತಲೆ ಬಗ್ಗಿಸಿ ನೋಡಿಕೊಂಡರು. ಜನ ನಗಲು ಶುರುಮಾಡಿದರು. ಮುಂದಿನ ಸಾಲಿನಲ್ಲಿ ಆ ಗಿರಾಕಿ ದಂಪತಿಗಳಿದ್ದರು. ಹೆಂಡತಿ ನಗದೆ, ಪಕ್ಕದವರಿಗೂ ಕೇಳುವಷ್ಟು ಗಟ್ಟಿಯಾಗಿ ಗಂಡನಿಗೆ ಹೇಳಿದರು. 'ಅವತ್ತು ಅವರ ಮನೇಲಿ ಹೊಲಿತಿದ್ರಲ್ಲ, ಅದೇ ಕೋಟು. ಪಾಪ, ಆ ಬೆಳಕಲ್ಲಿ ಆಕೆಗೆ ಏನು ಕಂಡೀತು? ನನ್ನ ಅಡುಗೆಮನೆಗೆ ಅಂಥದ್ದೆಲ್ಲ ಬೇಡಪ್ಪ.'

ನಾನು ನಗುವುದಕ್ಕೆಂದೇ ತಿರುಗಿದೆ. ಮೂರು ವರ್ಷದ ಬಾಕಿ ನಗು ಅದು. ಆದರೆ ಕಂಡದ್ದು ಅಕ್ಕನ ಮುಖ. ಅವಳು ತಲೆ ತಗ್ಗಿಸಿ ಸೆರಗಿನ ತುದಿ ಹಿಂಡುತ್ತಿದ್ದಳು. ಎಲ್ಲರೂ ನಗುತ್ತಿದ್ದದ್ದು ಭಾವನನ್ನು ನೋಡಿ, ಅವಳಿಗೆ ಮಾತ್ರ ಅದು ತನ್ನ ಕೈಯನ್ನು ನೋಡಿ ನಕ್ಕ ಹಾಗೆ ಕೇಳಿಸಿತ್ತು. ಆ ಕೈ ಮಾಡಿದ ರಫುವನ್ನು ಇಲ್ಲಿಯವರೆಗೆ ಯಾರೂ ಕಂಡಿರಲಿಲ್ಲ, ಕಾಣದಿರುವುದೇ ಅದರ ಹೆಚ್ಚುಗಾರಿಕೆಯಾಗಿತ್ತು. ಈಗ ಊರಿಗೆ ಊರೇ ಕಂಡಿತು.

ವಾಪಸು ಬರುವಾಗ ಭಾವ ಮುಂದೆ, ನಾವು ಮೂವರು ಹಿಂದೆ.

'ಬೇಕಂತಲೇ ಮಾಡಿದ್ಯಾ?' ಎಂದು ಅಕ್ಕನ ಕಿವಿಯಲ್ಲಿ ಕೇಳಿದೆ. ಹೌದು ಅನ್ನಲಿ ಎಂದು ನನಗೆ ಆಸೆಯಿತ್ತು.

'ನಿನ್ನಾಣೆ, ಕರಿ ಅಂತಲೇ ತಗೊಂಡೆ' ಅಂದಳು. 'ನಾಳೆ ಮಾಸ್ಟರಿಗೆ ಹೇಳ್ಬಿಡ್ತೀನಿ. ಇನ್ನು ನನ್ನ ಕೈಲಿ ಆಗಲ್ಲ. ಅವರಿಗೂ ಇನ್ನೊಂದು ಸಲ ಹಿಂಗೆ ಮಾಡಿ ಅನ್ನಿಸ್ಕೊಳ್ಳೋದು ಬೇಡ.'

ಅವಳು ಅದನ್ನು ಮೆಲ್ಲಗೇ ಹೇಳಿದ್ದು. ಆದರೆ ಮುಂದೆ ಹೋಗುತ್ತಿದ್ದ ಭಾವನ ಹೆಜ್ಜೆ ಒಂದು ಕ್ಷಣ ತಡೆಯಿತು. ಕೇಳಿಸಿತೋ ಇಲ್ಲವೋ, ಅವರು ತಿರುಗಿ ನೋಡಲಿಲ್ಲ.

ಮಾರನೆಯ ದಿನ ಔಷಧಿ ಅಂಗಡಿಯಲ್ಲಿ ನನಗೆ ಕೆಲಸ ಮಾಡಲು ಮನಸ್ಸಾಗಲಿಲ್ಲ. ಭಾವನಿಗೆ ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದೆ. ದೀಪದ ಬುಡದಲ್ಲಿ ಕತ್ತಲು ಅನ್ನುವ ಗಾದೆಯಿಂದ ಶುರುಮಾಡಿ, ಕುದುರೆಯ ಮೂಲಕ ಹಾದು, ಅವರ ವಂಶದವರೆಗೂ ಹೋಗುವುದು ಎಂದು ತೀರ್ಮಾನವಾಗಿತ್ತು. ಮೆಟ್ಟಿಲ ಬುಡದಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆರೆದಿತ್ತು. ಒಳಗೆ ಭಾವ ಸ್ಟೂಲಿನ ಮೇಲೆ ನಿಂತಿದ್ದರು. ಬಾಯಲ್ಲಿ ಎರಡು ಸ್ಕ್ರೂ, ಕಂಕುಳಲ್ಲಿ ಟ್ಯೂಬ್‌ಲೈಟು. ಅತ್ತೆ ಸ್ಟೂಲು ಹಿಡಿದುಕೊಂಡು, ಮಗ ಬೀಳಲಿ ಎಂದೋ ಬೀಳದಿರಲಿ ಎಂದೋ ತಿಳಿಯದ ಮುಖ ಮಾಡಿಕೊಂಡಿದ್ದರು. ಅಕ್ಕ ಹೊಲಿಯಲು ಕೂರುವ ಜಾಗದ ಮೇಲಿನ ಗೋಡೆಗೆ ಟ್ಯೂಬು ಕೂತಿತು. ಅದಕ್ಕೆ ಸ್ವಿಚ್ಚು ಅಲ್ಲೇ, ಕೈಗೆಟಕುವ ಹಾಗೆ.

ಅಕ್ಕ ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದಳು. ಭಾವ ಇಳಿದು ಬಂದು ಆ ಸ್ವಿಚ್ಚು ಒತ್ತಿ, ಹಸಿರು ಮಚ್ಚೆಯ ಕೋಟನ್ನು ಅವಳ ಮುಂದೆ ಚಾಚಿದರು.

'ಬಿಚ್ಚಿ ಸರಿಮಾಡ್ಕೊಡು' ಅಂದರು. ಕ್ಷಮೆ ಕೇಳುವ ವಿದ್ಯೆ ಆ ಮನುಷ್ಯನಿಗೆ ಯಾರೂ ಕಲಿಸಿಲ್ಲ. ಅಷ್ಟು ಹೇಳುವಾಗಲೇ ಅವರ ಕಿವಿ ಕೆಂಪಾಗಿತ್ತು, ಬಿಳಿ ಬೆಳಕಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು.

ಅಕ್ಕ ಕೋಟು ತೆಗೆದುಕೊಂಡಳು. ಆಮೇಲೆ ಮಣೆಯ ಮೇಲೆ ಕೂತು, ದಾರದ ಡಬ್ಬಿಯೊಳಗಿಂದ ಕನ್ನಡಕ ತೆಗೆದು ಹಾಕಿಕೊಂಡು, ಹಸಿರು ಎಳೆಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು.

ಭಾವ ಹೋಗಲಿಲ್ಲ. ನಿಂತೇ ಇದ್ದರು.

'ಇದು ಯಾವಾಗ ತಗೊಂಡೆ?'

'ಯಾವುದು?'

'ಕನ್ನಡಕ.'

ಅಕ್ಕ ಎಳೆಯಿಂದ ಕಣ್ಣೆತ್ತಲಿಲ್ಲ. 'ಈ ಮನೆಗೆ ಬಂದ ವರ್ಷ' ಅಂದಳು.

ನಾನು ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಅದರ ಸಮಕ್ಕೆ ಬರುವಂತಿರಲಿಲ್ಲ. ಭಾವ ಟ್ಯೂಬಿನ ಕಡೆ ನೋಡಿದರು, ಅಕ್ಕನ ಕೈ ಕಡೆ ನೋಡಿದರು. ಬೆಳಕಿನ ಬಗ್ಗೆ ಊರಿಗೆಲ್ಲ ಹೇಳಿಕೊಂಡು ಬಂದ ಆ ಬಾಯಿ ಮೊದಲ ಸಲ ಕೇಳಿತು.

'ಸಾಕಾ? ಇಲ್ಲ ಇನ್ನೂ ಸ್ವಲ್ಪ ಕೆಳಗಿಳಿಸ್ಲಾ?'

'ಎಡಕ್ಕೆ' ಅಂದಳು ಅಕ್ಕ. 'ಕೈ ನೆರಳು ಬೀಳ್ತಿದೆ.'

ಭಾವ ಸ್ಕ್ರೂ ಡ್ರೈವರ್ ತೆಗೆದುಕೊಂಡು ಮತ್ತೆ ಸ್ಟೂಲು ಹತ್ತಿದರು.